ಗರ್ಭಪಾತ ಕಾನೂನು ಬಿಗಿಯಾದರೆ ಜನ ಮತಗಟ್ಟೆಗೆ ಬರುತ್ತಾರಾ? ಅಮೆರಿಕದ ರಾಜ್ಯಗಳಲ್ಲಿ ಆಗಿದ್ದೇನು

2022ರ ಜೂನ್ 24ರಂದು ಅಮೆರಿಕದ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಗರ್ಭಪಾತ ಮಾಡಿಸಿಕೊಳ್ಳುವ ಹಕ್ಕು ದೇಶದ ಸಂವಿಧಾನದಲ್ಲಿ ಇಲ್ಲ, ಅದನ್ನು ಜನ ಮತ್ತು ಅವರು ಆರಿಸಿದ ಪ್ರತಿನಿಧಿಗಳೇ ತೀರ್ಮಾನಿಸಲಿ ಎಂದಿತು. ತೀರ್ಪು ಬರೆದ ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಅಲಿಟೊ ಅದರಲ್ಲೇ ಒಂದು ಲೆಕ್ಕವನ್ನೂ ಕೊಟ್ಟರು. ಮಿಸಿಸಿಪ್ಪಿ ರಾಜ್ಯದ ಜನಸಂಖ್ಯೆಯಲ್ಲಿ ಹೆಂಗಸರು ಶೇ. 51.5. ಆದರೆ 2020ರ ನವೆಂಬರ್‌ನಲ್ಲಿ ಅಲ್ಲಿ ಮತ ಹಾಕಿದವರಲ್ಲಿ ಹೆಂಗಸರ ಪಾಲು ಶೇ. 55.5. ಹೆಂಗಸರ ಕೈಯಲ್ಲಿ ಮತದ ಬಲ ಇದೆ, ಅದನ್ನು ಬಳಸಬಹುದು ಎಂಬುದು ಅವರ ವಾದ.

ಹಾಗಾದರೆ ಬಳಸಿದರಾ? ಕಾನೂನು ಬಿಗಿಯಾದ ಮೇಲೆ ಜಾಸ್ತಿ ಜನ ಮತ ಹಾಕಿದರಾ? ಅದರಿಂದ ಯಾರಾದರೂ ಸೋತರಾ, ಗೆದ್ದರಾ? ಗರ್ಭಪಾತ ಸರಿಯೋ ತಪ್ಪೋ ಅನ್ನುವ ಚರ್ಚೆ ಇಲ್ಲಿ ಬೇಡ. ಮತಗಟ್ಟೆಯಲ್ಲಿ ಏನಾಯಿತು ಅನ್ನುವುದನ್ನಷ್ಟೇ ನೋಡೋಣ.

## ರಾಜ್ಯಕ್ಕೊಂದು ಕಾನೂನು ಹೇಗಾಯಿತು?

ನಮಗೆ ಇದು ವಿಚಿತ್ರ ಅನಿಸಬಹುದು. ಭಾರತದಲ್ಲಿ 1971ರಿಂದ ಇದಕ್ಕೊಂದು ಕೇಂದ್ರ ಕಾಯ್ದೆ ಇದೆ. ಬೀದರ್‌ನಲ್ಲಿದ್ದರೂ ಕಾಸರಗೋಡಿನಲ್ಲಿದ್ದರೂ ನಿಯಮ ಅದೇ. 2021ರ ತಿದ್ದುಪಡಿಯಲ್ಲಿ ಕೆಲವು ವರ್ಗದ ಮಹಿಳೆಯರಿಗೆ ಗಡುವು 20 ವಾರದಿಂದ 24 ವಾರಕ್ಕೆ ಏರಿದಾಗಲೂ ನಮ್ಮಲ್ಲಿ ಅದು ಚುನಾವಣೆಯ ಮಾತಾಗಲಿಲ್ಲ.

ಅಮೆರಿಕದಲ್ಲೂ 1973ರಿಂದ ಸುಮಾರು 50 ವರ್ಷ ದೇಶಕ್ಕೆಲ್ಲ ಅನ್ವಯಿಸುವ ಒಂದು ಕನಿಷ್ಠ ರಕ್ಷಣೆ ಇತ್ತು. ‘ರೋ ವರ್ಸಸ್ ವೇಡ್’ ಎಂಬ ತೀರ್ಪು ಕೊಟ್ಟ ರಕ್ಷಣೆ ಅದು. ಮಗು ತಾಯಿಯ ಹೊಟ್ಟೆಯ ಹೊರಗೆ ಬದುಕಬಲ್ಲ ಹಂತಕ್ಕೆ ಬೆಳೆಯುವ ಮೊದಲು ಯಾವ ರಾಜ್ಯವೂ ಗರ್ಭಪಾತವನ್ನು ಪೂರ್ತಿ ನಿಷೇಧಿಸುವಂತಿರಲಿಲ್ಲ. ಮಿಸಿಸಿಪ್ಪಿ 15 ವಾರದ ನಂತರ ನಿಷೇಧ ಎಂದು ಕಾನೂನು ಮಾಡಿತು. ಅದರ ಮೇಲಿನ ಮೊಕದ್ದಮೆಯೇ 2022ರ ತೀರ್ಪಿಗೆ ಕಾರಣ. ಇದಕ್ಕೆ ‘ಡಾಬ್ಸ್ ತೀರ್ಪು’ ಅನ್ನುತ್ತಾರೆ.

ಡಾಬ್ಸ್ ಬಂದ ಮೇಲೆ ಕೇಂದ್ರದ ರಕ್ಷಣೆ ಹೋಯಿತು. ‘ರೋ ಬಿದ್ದ ತಕ್ಷಣ ನಮ್ಮಲ್ಲಿ ನಿಷೇಧ’ ಎಂದು 13 ರಾಜ್ಯಗಳು ಮೊದಲೇ ಕಾನೂನು ಬರೆದಿಟ್ಟುಕೊಂಡಿದ್ದವು. ಟೆಕ್ಸಾಸ್‌ನಂಥ ಕಡೆ ಬಹುತೇಕ ಪೂರ್ತಿ ನಿಷೇಧ ಬಂತು. ಫ್ಲಾರಿಡಾ, ಜಾರ್ಜಿಯಾಗಳಲ್ಲಿ ಸುಮಾರು 6 ವಾರದ ಗಡುವು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ಗಳಲ್ಲಿ ಹಕ್ಕು ಹಾಗೇ ಉಳಿಯಿತು. ಡಲ್ಲಾಸ್‌ನಲ್ಲಿರುವ ಕನ್ನಡದ ಕುಟುಂಬಕ್ಕೂ ಸ್ಯಾನ್ ಹೋಸೆಯಲ್ಲಿರುವ ಅವರ ತಂಗಿಯ ಕುಟುಂಬಕ್ಕೂ ಈಗ ಬೇರೆ ಬೇರೆ ಕಾನೂನು.

## ಎಲ್ಲ ಚುನಾವಣೆಗೂ ಅಷ್ಟೇ ಜನ ಬರುವುದಿಲ್ಲ

ಮತದಾನದ ಪ್ರಮಾಣ ಏರಿತು, ಇಳಿಯಿತು ಎಂದು ಕೇಳಿದಾಗ ಮೊದಲು ಕೇಳಬೇಕಾದ ಪ್ರಶ್ನೆ: ಯಾವ ಚುನಾವಣೆ?

ನಮ್ಮಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಅಂದರೆ ಊರಿಗೆ ಊರೇ ಬರುತ್ತದೆ. ಅಮೆರಿಕದಲ್ಲಿ ಉಲ್ಟಾ. ಅಧ್ಯಕ್ಷರನ್ನು ಆರಿಸುವ ವರ್ಷ ಜನ ಜಾಸ್ತಿ. 2020ರಲ್ಲಿ ಅರ್ಹರಲ್ಲಿ ಸುಮಾರು ಶೇ. 66 ಜನ ಮತ ಹಾಕಿದರು, 2024ರಲ್ಲಿ ಸುಮಾರು ಶೇ. 64. ಅದರ ಎರಡು ವರ್ಷಕ್ಕೆ ಬರುವ ಮಧ್ಯಾವಧಿ ಚುನಾವಣೆಯಲ್ಲಿ ಸಂಸದರು, ಹಲವು ರಾಜ್ಯಪಾಲರು ಆರಿಸಿ ಬರುತ್ತಾರೆ. (ಅಲ್ಲಿನ ರಾಜ್ಯಪಾಲರು ನಮ್ಮ ಮುಖ್ಯಮಂತ್ರಿಯಂತೆ, ಜನರಿಂದಲೇ ಆಯ್ಕೆಯಾದವರು.) ಅದಕ್ಕೆ ಬರುವವರು ಕಡಿಮೆ. 2014ರಲ್ಲಿ ಶೇ. 37 ಕೂಡ ಆಗಲಿಲ್ಲ.

ಇನ್ನೂ ಕಡಿಮೆ ಜನ ಬರುವುದು ‘ಪ್ರೈಮರಿ’ಗೆ. ಪಕ್ಷದ ಅಭ್ಯರ್ಥಿ ಯಾರಾಗಬೇಕು ಎಂದು ಮತದಾರರೇ ಆರಿಸುವ ಒಳಸುತ್ತು ಇದು. ನಮ್ಮಲ್ಲಿ ಹೈಕಮಾಂಡ್ ಮಾಡುವ ಕೆಲಸವನ್ನು ಅಲ್ಲಿ ಜನ ಮಾಡುತ್ತಾರೆ. ಬೇಸಿಗೆಯ ನಡುವೆ ನಡೆಯುವ ಪ್ರೈಮರಿ ದಿನ ಪಕ್ಷದ ಕಟ್ಟಾ ಬೆಂಬಲಿಗರು ಬಿಟ್ಟರೆ ಹೆಚ್ಚಿನವರು ಮನೆಯಲ್ಲೇ ಇರುತ್ತಾರೆ.

ಕೊನೆಯ ದಾರಿ ಜನಮತ. ಒಂದು ಪ್ರಶ್ನೆಯನ್ನೇ ಮತಪತ್ರದ ಮೇಲೆ ಅಚ್ಚು ಹಾಕಿ ‘ಹೌದು’ ಅಥವಾ ‘ಇಲ್ಲ’ ಎಂದು ಗುರುತು ಮಾಡಿಸುವ ಪದ್ಧತಿ. ನಮ್ಮ ರಾಜ್ಯಗಳಲ್ಲಿ ಇದು ಇಲ್ಲ. ಅಲ್ಲಿ ಕೆಲವು ರಾಜ್ಯಗಳಲ್ಲಿ ಶಾಸಕರು ಪ್ರಶ್ನೆ ಇಡುತ್ತಾರೆ, ಕೆಲವು ಕಡೆ ಸಾಕಷ್ಟು ಸಹಿ ಸಂಗ್ರಹಿಸಿದರೆ ಜನರೇ ಇಡಬಹುದು. ಗರ್ಭಪಾತದ ವಿಷಯದಲ್ಲಿ ದೊಡ್ಡ ತಿರುವುಗಳೆಲ್ಲ ಆಗಿದ್ದು ಈ ದಾರಿಯಲ್ಲಿ.

## ಕ್ಯಾನ್ಸಸ್‌ನ ಆಗಸ್ಟ್ ತಿಂಗಳು

ಕ್ಯಾನ್ಸಸ್ ಗೋಧಿ ಬೆಳೆಯುವ, ಟ್ರಂಪ್ ಅವರ, ಗರ್ಭಪಾತಕ್ಕೆ ಕಡಿವಾಣ ಬೇಕೆನ್ನುವ ರಿಪಬ್ಲಿಕನ್ ಪಕ್ಷಕ್ಕೆ ನಿಷ್ಠವಾದ ರಾಜ್ಯ. 2020ರಲ್ಲಿ ಟ್ರಂಪ್ ಅಲ್ಲಿ ಸುಮಾರು 15 ಶೇಕಡಾ ಅಂಶಗಳ ಅಂತರದಿಂದ ಗೆದ್ದಿದ್ದರು. ಆ ರಾಜ್ಯದ ಸುಪ್ರೀಂ ಕೋರ್ಟ್ 2019ರಲ್ಲಿ, ನಮ್ಮ ರಾಜ್ಯ ಸಂವಿಧಾನ ಗರ್ಭಪಾತದ ಹಕ್ಕನ್ನು ಕಾಪಾಡುತ್ತದೆ ಎಂದಿತು. ಶಾಸಕರಿಗೆ ಇದು ಒಪ್ಪಿಗೆಯಾಗಲಿಲ್ಲ. ಅಂಥ ಹಕ್ಕು ಇಲ್ಲ ಎಂದು ಸಂವಿಧಾನದಲ್ಲೇ ಬರೆಯುವ ತಿದ್ದುಪಡಿಯನ್ನು ಜನರ ಮುಂದಿಟ್ಟರು. ದಿನ ಗೊತ್ತು ಮಾಡಿದ್ದು 2022ರ ಆಗಸ್ಟ್ 2, ಪ್ರೈಮರಿ ದಿನ. ಆ ರಾಜ್ಯದಲ್ಲಿ ಯಾವ ಪಕ್ಷಕ್ಕೂ ಸೇರದೆ ಹೆಸರು ನೋಂದಾಯಿಸಿಕೊಂಡವರು ಪ್ರೈಮರಿಗೆ ಸಾಮಾನ್ಯವಾಗಿ ಬರುವುದೇ ಇಲ್ಲ.

ಡಾಬ್ಸ್ ತೀರ್ಪು ಬಂದು ಆಗ ಆರು ವಾರವೂ ಆಗಿರಲಿಲ್ಲ. ಅಮೆರಿಕದಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸುವುದು ಹೆಚ್ಚಿನ ಕಡೆ ಮತದಾರರ ಜವಾಬ್ದಾರಿ. ತೀರ್ಪಿನ ನಂತರ ಕ್ಯಾನ್ಸಸ್‌ನಲ್ಲಿ ಹೊಸದಾಗಿ ಹೆಸರು ಸೇರಿಸಿದವರಲ್ಲಿ ಸುಮಾರು ಶೇ. 70 ಹೆಂಗಸರು ಎಂದು ಪಟ್ಟಿ ಜಾಲಾಡಿದವರು ಲೆಕ್ಕ ಹಾಕಿದರು. ಚುನಾವಣೆಯ ಉಸ್ತುವಾರಿ ಹೊತ್ತ ರಾಜ್ಯ ಕಾರ್ಯದರ್ಶಿ ಸ್ಕಾಟ್ ಶ್ವಾಬ್ ಸುಮಾರು ಶೇ. 36 ಮತದಾನ ಆಗಬಹುದು ಎಂದಿದ್ದರು.

ಪ್ರಶ್ನೆಯ ಒಕ್ಕಣೆ ಸುಲಭವಾಗಿರಲಿಲ್ಲ. ‘ಹೌದು’ ಅಂದರೆ ಹಕ್ಕು ಹೋಗುತ್ತದೆ, ‘ಇಲ್ಲ’ ಅಂದರೆ ಉಳಿಯುತ್ತದೆ. ಮತದಾನದ ಹಿಂದಿನ ದಿನ, ‘ಹೌದು’ ಎಂದರೆ ಆಯ್ಕೆಯ ಸ್ವಾತಂತ್ರ್ಯ ಉಳಿಯುತ್ತದೆ ಎಂಬ ಅರ್ಥ ಕೊಡುವ ಮೆಸೇಜುಗಳು ಹಲವರ ಮೊಬೈಲಿಗೆ ಬಂದವು. ಅವು ಬಂದವರಲ್ಲಿ ರಾಜ್ಯದ ಮಾಜಿ ರಾಜ್ಯಪಾಲೆ ಕ್ಯಾಥ್ಲೀನ್ ಸೆಬೇಲಿಯಸ್ ಕೂಡ ಒಬ್ಬರು. ‘ಇಲ್ಲ’ ಪರ ಪ್ರಚಾರ ಮಾಡಿದವರು ತಮ್ಮ ಜಾಹೀರಾತುಗಳಲ್ಲಿ ಸರ್ಕಾರ ನಿಮ್ಮ ಮನೆಯೊಳಗೆ ತಲೆ ಹಾಕುವುದು ಬೇಡ ಎನ್ನುವ ಮಾತಿಗೇ ಒತ್ತು ಕೊಟ್ಟರು. ರಿಪಬ್ಲಿಕನ್ ಮನೆಗಳಿಗೂ ಒಪ್ಪುವ ಮಾತು ಅದು.

ಬಿದ್ದ ಮತ 9 ಲಕ್ಷಕ್ಕೂ ಜಾಸ್ತಿ. 2018ರ ಪ್ರೈಮರಿಯಲ್ಲಿ ಶೇ. 27ರಷ್ಟಿದ್ದ ಮತದಾನ ಈಗ ಹೆಚ್ಚುಕಡಿಮೆ ಅರ್ಧಕ್ಕೆ ಮುಟ್ಟಿತು. ‘ಇಲ್ಲ’ ಎಂದವರು ಶೇ. 59. ಟ್ರಂಪ್‌ಗೆ ಭಾರೀ ಬಹುಮತ ಕೊಟ್ಟಿದ್ದ ಓಸೇಜ್‌ನಂಥ ಹಳ್ಳಿಗಾಡಿನ ಕೌಂಟಿಯಲ್ಲೂ (ನಮ್ಮ ಜಿಲ್ಲೆಯಂತೆ) ‘ಇಲ್ಲ’ ಗೆದ್ದಿತು. ಅದೇ ವರ್ಷ ನವೆಂಬರ್‌ನಲ್ಲಿ ಕೆಂಟಕಿಯ ಜನ ಇದೇ ಬಗೆಯ ತಿದ್ದುಪಡಿಯನ್ನು ತಿರಸ್ಕರಿಸಿದರು. ಮಿಶಿಗನ್‌ನಲ್ಲಿ ಸುಮಾರು ಶೇ. 57 ಜನ ಹಕ್ಕನ್ನು ಸಂವಿಧಾನಕ್ಕೇ ಸೇರಿಸಿದರು. ಅಲ್ಲಿ 1931ರ ನಿಷೇಧದ ಕಾನೂನು ಮತ್ತೆ ಜೀವ ಪಡೆಯುವ ಭಯ ಇತ್ತು. ಆ ದಿನ ಮಿಶಿಗನ್‌ನಲ್ಲಿ ಮಧ್ಯಾವಧಿ ಚುನಾವಣೆಯ ಮಟ್ಟಿಗೆ ದಾಖಲೆಯ ಮತದಾನ ಆಯಿತು, ಶಾಸನಸಭೆಯ ಎರಡೂ ಮನೆಗಳು ದಶಕಗಳ ನಂತರ, ಹಕ್ಕಿನ ಪರ ಇರುವ ಡೆಮಾಕ್ರಟ್ ಪಕ್ಷದ ಕೈಗೆ ಬಂದವು.

## ಸಿಟ್ಟು ಬಣ ಬದಲಿಸಿತು

ದಶಕಗಳ ಕಾಲ ಈ ವಿಷಯಕ್ಕೆಂದೇ ಮತ ಹಾಕುವವರು ಗರ್ಭಪಾತ ವಿರೋಧಿಗಳ ಕಡೆ ಜಾಸ್ತಿ ಇದ್ದರು. ಅವರಿಗೆ ಬದಲಾಗಬೇಕಾದ ಒಂದು ತೀರ್ಪು ಕಣ್ಣ ಮುಂದಿತ್ತು. ಅದಕ್ಕೆ ನ್ಯಾಯಮೂರ್ತಿಗಳು ಬೇಕು, ನ್ಯಾಯಮೂರ್ತಿಗಳನ್ನು ನೇಮಿಸಲು ಅಧ್ಯಕ್ಷ ಬೇಕು. 2016ರಲ್ಲಿ ಎಷ್ಟೋ ಮತದಾರರು ಟ್ರಂಪ್ ಅವರನ್ನು ಇಷ್ಟಪಡದೆಯೂ ಸುಪ್ರೀಂ ಕೋರ್ಟಿಗೋಸ್ಕರ ಅವರಿಗೆ ಮತ ಹಾಕಿದರು. ಟ್ರಂಪ್ ಮೂವರನ್ನು ನೇಮಿಸಿದರು. ಆ ಮೂವರೂ ಡಾಬ್ಸ್‌ನಲ್ಲಿ ರೋ ರದ್ದು ಮಾಡುವ ಕಡೆ ಇದ್ದರು.

ಆ ಕಡೆ ಹಕ್ಕಿನ ಪರ ಇದ್ದವರು ನಿಶ್ಚಿಂತೆಯಿಂದ ಇದ್ದರು. ಹೇಗಿದ್ದರೂ ಕೋರ್ಟ್ ಕಾಪಾಡುತ್ತದೆ ಅನ್ನುವ ಭರವಸೆ. ಸಮೀಕ್ಷೆಗಳಲ್ಲಿ ಹತ್ತಕ್ಕೆ ಆರು ಜನ, ಎಲ್ಲ ಅಥವಾ ಹೆಚ್ಚಿನ ಸಂದರ್ಭಗಳಲ್ಲಿ ಗರ್ಭಪಾತ ಕಾನೂನುಬದ್ಧ ಇರಲಿ ಎನ್ನುತ್ತಾರೆ. ಆದರೆ ಸಮೀಕ್ಷೆಗೆ ಉತ್ತರ ಹೇಳುವುದು ಬೇರೆ, ಕೆಲಸ ಬಿಟ್ಟು ಸರದಿಯಲ್ಲಿ ನಿಲ್ಲುವುದು ಬೇರೆ. ಕೈಯಲ್ಲಿದ್ದದ್ದು ಹೋದಾಗ ಆಗುವ ನೋವು, ಇಲ್ಲದ್ದು ಸಿಕ್ಕಾಗ ಆಗುವ ಸಂತೋಷಕ್ಕಿಂತ ದೊಡ್ಡದು. 2022ರಲ್ಲಿ ಆ ನೋವು ಈ ಕಡೆಯವರದ್ದಾಯಿತು.

ಕಾನೂನು ಕಾಗದದಲ್ಲಿ ಇದ್ದಷ್ಟು ದಿನ ಅದು ಚರ್ಚೆ. ಗರ್ಭ ನಿಲ್ಲುವುದಿಲ್ಲ ಎಂದು ಗೊತ್ತಾದ ಹೆಂಗಸಿಗೆ ಚಿಕಿತ್ಸೆ ಕೊಡಲು ವೈದ್ಯರು ವಕೀಲರನ್ನು ಕೇಳಬೇಕಾದಾಗ ಅದು ಮನೆಯ ವಿಷಯ. ಇಂಥ ಸುದ್ದಿ ಅಕ್ಕತಂಗಿಯರಿಂದ, ಪಕ್ಕದ ಮನೆಯವರಿಂದ ಕಿವಿಗೆ ಬೀಳತೊಡಗಿತು. ನನ್ನ ತಿಳಿವಳಿಕೆಯಲ್ಲಿ ಜನರನ್ನು ಹೊರಗೆ ತಂದದ್ದು ಭಾಷಣಗಳಿಗಿಂತ ಹೆಚ್ಚಾಗಿ ಇದು.

## ಹಾಗಾದರೆ ನಿಷೇಧ ತಂದವರು ಸೋತರಾ?

ಇಲ್ಲ. ಈ ವಿಷಯದಲ್ಲಿ ತುಂಬ ಜನ ಎಡವುವುದು ಇಲ್ಲೇ.

ಟೆಕ್ಸಾಸ್ ದೇಶದಲ್ಲೇ ಅತ್ಯಂತ ಬಿಗಿಯಾದ ನಿಷೇಧ ತಂದ ರಾಜ್ಯಗಳಲ್ಲೊಂದು. 2022ರ ನವೆಂಬರ್‌ನಲ್ಲಿ ಅಲ್ಲಿ ಮತದಾನ 2018ಕ್ಕಿಂತ ಇಳಿಯಿತು. ನಿಷೇಧಕ್ಕೆ ಸಹಿ ಹಾಕಿದ ರಾಜ್ಯಪಾಲ ಗ್ರೆಗ್ ಅಬ್ಬಟ್ ಸುಮಾರು 11 ಅಂಶಗಳ ಅಂತರದಿಂದ ಗೆದ್ದರು. ಒಹಾಯೊದ ಮೈಕ್ ಡಿವೈನ್, ಜಾರ್ಜಿಯಾದ ಬ್ರಯಾನ್ ಕೆಂಪ್ ಕೂಡ ಬಿಗಿ ಕಾನೂನಿಗೆ ಸಹಿ ಹಾಕಿದವರೇ, ಅವರೂ ಗೆದ್ದರು. ಕ್ಯಾನ್ಸಸ್‌ನಲ್ಲೇ ನೋಡಿ. ಆಗಸ್ಟ್‌ನಲ್ಲಿ ಹಕ್ಕಿನ ಪರ ನಿಂತ ಅದೇ ರಾಜ್ಯ ಮೂರು ತಿಂಗಳ ನಂತರ ರಿಪಬ್ಲಿಕನ್ ಸೆನೆಟರ್ ಜೆರ್ರಿ ಮೊರಾನ್ ಅವರನ್ನು ಭಾರೀ ಅಂತರದಲ್ಲಿ ಗೆಲ್ಲಿಸಿತು. ಡೆಮಾಕ್ರಟ್ ರಾಜ್ಯಪಾಲೆ ಲಾರಾ ಕೆಲ್ಲಿ ಸ್ವಲ್ಪದರಲ್ಲಿ ಉಳಿದುಕೊಂಡರು.

2024ರ ಅಂಕಿಗಳು ಇನ್ನೂ ಸ್ಪಷ್ಟ. ಫ್ಲಾರಿಡಾದಲ್ಲಿ ಟ್ರಂಪ್‌ಗೆ ಬಿದ್ದ ಮತ ಶೇ. 56. ಅದೇ ದಿನ, ಗರ್ಭಪಾತದ ಹಕ್ಕಿನ ಪರ ಬಿದ್ದದ್ದು ಶೇ. 57. ಎರಡನ್ನೂ ಕೂಡಿಸಿದರೆ 113. ನೂರಕ್ಕಿಂತ ಹೆಚ್ಚಾದ ಆ 13 ಎಲ್ಲಿಂದ ಬಂತು? ಎರಡು ಕಡೆಯೂ ಮತ ಹಾಕಿದವರಿಂದ. ಅಂದರೆ ನೂರರಲ್ಲಿ ಕನಿಷ್ಠ ಹನ್ನೆರಡು ಹದಿಮೂರು ಮಂದಿ ಒಂದೇ ಮತಪತ್ರದಲ್ಲಿ ಟ್ರಂಪ್‌ಗೂ ಗುರುತು ಹಾಕಿದರು, ಹಕ್ಕಿಗೂ ಹಾಕಿದರು. ಮಿಸೌರಿಯಲ್ಲಿ ಟ್ರಂಪ್ ಶೇ. 58, ಹಕ್ಕು ಶೇ. 51.6. ಅಲ್ಲೂ ಇದೇ ಲೆಕ್ಕ ನಡೆಯುತ್ತದೆ. ಆರಿಜೋನಾ, ಮೊಂಟಾನಾ, ನೆವಾಡಾಗಳಲ್ಲೂ ಟ್ರಂಪ್ ಮತ್ತು ಹಕ್ಕು ಎರಡೂ ಗೆದ್ದವು.

ಯಾಕೆ ಹೀಗೆ? ಒಬ್ಬ ಅಭ್ಯರ್ಥಿಗೆ ಮತ ಹಾಕುವಾಗ ಬೆಲೆ ಏರಿಕೆ, ವಲಸೆ, ತೆರಿಗೆ ಎಲ್ಲ ಒಟ್ಟಿಗೆ ತಲೆಯಲ್ಲಿರುತ್ತವೆ. 2022ರಲ್ಲಿ ಮತ ಹಾಕಿ ಬಂದವರನ್ನು ಕೇಳಿದಾಗ ಶೇ. 31 ಜನ ಬೆಲೆ ಏರಿಕೆ ದೊಡ್ಡ ವಿಷಯ ಎಂದರು, ಶೇ. 27 ಗರ್ಭಪಾತ ಎಂದರು. 2024ರಲ್ಲಿ ಗರ್ಭಪಾತ ಎಂದವರು ಶೇ. 14ಕ್ಕೆ ಇಳಿದರು. ಪ್ರಶ್ನೆ ಬೇರೆಯಾಗಿ ಮತಪತ್ರದಲ್ಲೇ ಇದ್ದಾಗ ಇನ್ನೊಂದು ಅನುಕೂಲ ಆಗುತ್ತದೆ: ಹಕ್ಕನ್ನು ಅಲ್ಲಿ ಉಳಿಸಿಕೊಂಡು, ಅಭ್ಯರ್ಥಿಯನ್ನು ಬೇರೆ ಕಾರಣಕ್ಕೆ ಆರಿಸಬಹುದು. ಟ್ರಂಪ್ 2024ರ ಏಪ್ರಿಲ್‌ನಲ್ಲಿ ಇದು ರಾಜ್ಯಗಳಿಗೆ ಬಿಟ್ಟ ವಿಷಯ ಎಂದಿದ್ದೂ ಅಂಥ ಮತದಾರರ ಮನಸ್ಸು ಹಗುರ ಮಾಡಿರಬೇಕು.

ಮತದಾನದ ಪ್ರಮಾಣಕ್ಕೂ ಒಂದು ಮಿತಿ ಇದೆ. ಆಗಸ್ಟ್‌ನ ಪ್ರೈಮರಿ ಮಧ್ಯಾಹ್ನದ ಖಾಲಿ ಬಸ್ ಇದ್ದಂತೆ. ಒಂದು ಸ್ಟಾಪಿನಲ್ಲಿ ಇಪ್ಪತ್ತು ಜನ ಹತ್ತಿದರೆ ಬಸ್ಸಿನ ಚಹರೆಯೇ ಬದಲಾಗುತ್ತದೆ. ಅಧ್ಯಕ್ಷೀಯ ಚುನಾವಣೆ ಬೆಳಿಗ್ಗೆ ಒಂಬತ್ತರ ಬಸ್. ಅದೇ ಇಪ್ಪತ್ತು ಜನ ಹತ್ತಿದರೂ ಗೊತ್ತಾಗುವುದಿಲ್ಲ. ವಿಸ್ಕಾನ್ಸಿನ್‌ನಲ್ಲಿ 2023ರ ಏಪ್ರಿಲ್‌ನಲ್ಲಿ ನಡೆದದ್ದು ರಾಜ್ಯದ ಸುಪ್ರೀಂ ಕೋರ್ಟಿಗೆ ಒಬ್ಬ ನ್ಯಾಯಮೂರ್ತಿಯ ಆಯ್ಕೆ. ಸಾಮಾನ್ಯವಾಗಿ ಯಾರೂ ತಲೆ ಕೆಡಿಸಿಕೊಳ್ಳದ ಚುನಾವಣೆ. ಆದರೆ ಗರ್ಭಪಾತ ನಿಷೇಧದ 1849ರ ಕಾನೂನಿನ ಹಣೆಬರಹ ಆ ಕೋರ್ಟಿನಲ್ಲಿತ್ತು. 18 ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದರು, ಹಕ್ಕಿನ ಪರ ಮಾತಾಡಿದ್ದ ಜಾನೆಟ್ ಪ್ರೊಟಸೇವಿಚ್ 11 ಅಂಶಗಳಿಂದ ಗೆದ್ದರು.

## ಎಲ್ಲರಿಗೂ ಈ ಬಾಗಿಲು ತೆರೆದಿಲ್ಲ

ಅಲಿಟೊ ಲೆಕ್ಕ ಕೊಟ್ಟ ಮಿಸಿಸಿಪ್ಪಿಯ ಹೆಂಗಸರಿಗೆ ಏನಾಯಿತು? ಅಲ್ಲಿನ ಜನ 2011ರಲ್ಲಿ, ಗರ್ಭ ಕಟ್ಟಿದ ಕ್ಷಣದಿಂದಲೇ ಭ್ರೂಣ ಒಬ್ಬ ವ್ಯಕ್ತಿ ಎನ್ನುವ ತಿದ್ದುಪಡಿಯನ್ನು ಜನಮತದಲ್ಲಿ ಸೋಲಿಸಿದ್ದರು. ಆದರೆ 2021ರ ಮೇ ತಿಂಗಳಲ್ಲಿ ಬೇರೊಂದು ಮೊಕದ್ದಮೆಯಲ್ಲಿ, ಗಾಂಜಾ ಔಷಧಿಯ ವಿಷಯದಲ್ಲಿ, ರಾಜ್ಯದ ಸುಪ್ರೀಂ ಕೋರ್ಟ್ ಜನರೇ ಪ್ರಶ್ನೆ ಇಡುವ ಆ ಪದ್ಧತಿಯನ್ನೇ ಕೆಲಸಕ್ಕೆ ಬಾರದಂತೆ ಮಾಡಿತು. ಡಾಬ್ಸ್ ಬಂದಾಗ ಅವರಿಗೆ ನೇರವಾಗಿ ಹೌದು, ಇಲ್ಲ ಎನ್ನುವ ದಾರಿಯೇ ಇರಲಿಲ್ಲ. ಟೆಕ್ಸಾಸ್‌ನಲ್ಲಿ ಆ ಪದ್ಧತಿ ಮೊದಲಿಂದಲೂ ಇಲ್ಲ. ಅರ್ಕಾನ್ಸಾದಲ್ಲಿ 2024ರಲ್ಲಿ ಸಹಿ ಸಂಗ್ರಹಿಸಿದರೂ ಕಾಗದಪತ್ರ ಸರಿಯಿಲ್ಲ ಎಂಬ ಕಾರಣಕ್ಕೆ ಪ್ರಶ್ನೆ ಮತಪತ್ರಕ್ಕೆ ಬರಲಿಲ್ಲ.

ಬಾಗಿಲು ಇರುವ ಕಡೆ ಹೊಸ್ತಿಲು ಎಷ್ಟು ಎತ್ತರ ಅನ್ನುವುದೂ ಮುಖ್ಯ. ಒಹಾಯೊದಲ್ಲಿ ಅರ್ಧಕ್ಕಿಂತ ಒಂದು ಮತ ಜಾಸ್ತಿ ಬಂದರೆ ಸಾಕು. 2023ರಲ್ಲಿ ಅದನ್ನು ಶೇ. 60ಕ್ಕೆ ಏರಿಸುವ ಪ್ರಸ್ತಾವವನ್ನು ಶಾಸಕರು ಆಗಸ್ಟ್‌ನಲ್ಲಿ ಮತಕ್ಕೆ ಹಾಕಿದರು. ಆಗಸ್ಟ್‌ನಲ್ಲಿ ಜನ ಬರುವುದಿಲ್ಲ, ಸುಮ್ನೆ ಖರ್ಚು ಎಂದು ಅಂಥ ಚುನಾವಣೆಗಳನ್ನು ಬಹುತೇಕ ನಿಲ್ಲಿಸುವ ಕಾನೂನನ್ನು ಅದೇ ಶಾಸನಸಭೆ ಕೆಲವೇ ತಿಂಗಳ ಹಿಂದೆ ಮಾಡಿತ್ತು. ಆದರೆ ಜನ ಬಂದರು. 30 ಲಕ್ಷಕ್ಕೂ ಹೆಚ್ಚು ಮತ ಬಿತ್ತು, ಪ್ರಸ್ತಾವ ಸೋತಿತು. ನವೆಂಬರ್‌ನಲ್ಲಿ ಗರ್ಭಪಾತದ ಹಕ್ಕಿಗೆ ಸಿಕ್ಕಿದ್ದು ಶೇ. 57ರ ಹತ್ತಿರ. ಹೊಸ್ತಿಲು ಏರಿದ್ದರೆ ಅದು ಸೋಲುತ್ತಿತ್ತು. ಫ್ಲಾರಿಡಾದಲ್ಲಿ ಆಗಿದ್ದು ಅದೇ. ಅಲ್ಲಿ ಶೇ. 60 ಬೇಕಿತ್ತು, 57 ಸಾಲಲಿಲ್ಲ, 6 ವಾರದ ನಿಷೇಧ ಉಳಿಯಿತು.

ಎಲ್ಲ ಕಡೆ ಹಕ್ಕೇ ಗೆದ್ದಿತು ಎಂದೂ ಇಲ್ಲ. 2024ರಲ್ಲಿ ಸೌತ್ ಡಕೋಟಾದ ಜನ ಹಕ್ಕಿನ ಪ್ರಸ್ತಾವವನ್ನು ಸ್ಪಷ್ಟವಾಗಿ ತಳ್ಳಿಹಾಕಿದರು. ನೆಬ್ರಾಸ್ಕಾ ಜನ ಮೊದಲ ಮೂರು ತಿಂಗಳ ನಂತರದ ನಿಷೇಧವನ್ನು ಸಂವಿಧಾನಕ್ಕೆ ಸೇರಿಸಿದರು.

## ಬೆಳಗಾವಿಯ ಸವಿತಾ ಮತ್ತು ಐರ್ಲೆಂಡ್

ಇಂಥ ಮತದಾನದ ಕಥೆಯೊಂದರ ಬೇರು ನಮ್ಮ ನೆಲದಲ್ಲೇ ಇದೆ. ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ್ ಐರ್ಲೆಂಡಿನ ಗಾಲ್ವೇ ಊರಿನಲ್ಲಿದ್ದರು. 2012ರ ಅಕ್ಟೋಬರ್‌ನಲ್ಲಿ, 17 ವಾರದ ಗರ್ಭಿಣಿಯಾಗಿದ್ದಾಗ, ಗರ್ಭ ಉಳಿಯುವುದಿಲ್ಲ ಎಂದು ಗೊತ್ತಾಯಿತು. ಗರ್ಭಪಾತ ಮಾಡಿ ಎಂದು ಅವರು ಕೇಳಿದರು. ಭ್ರೂಣದ ಎದೆಬಡಿತ ಇನ್ನೂ ಇದ್ದದ್ದರಿಂದ ಮಾಡಲಿಲ್ಲ. ಸೋಂಕು ರಕ್ತಕ್ಕೆ ಏರಿ ಅಕ್ಟೋಬರ್ 28ರಂದು ತೀರಿಕೊಂಡರು. ವಯಸ್ಸು 31.

ತಾಯಿಗೂ ಭ್ರೂಣಕ್ಕೂ ಬದುಕುವ ಹಕ್ಕು ಸಮ ಎಂದು ಐರ್ಲೆಂಡ್ 1983ರಲ್ಲಿ ಸಂವಿಧಾನಕ್ಕೆ ಬರೆದುಕೊಂಡಿತ್ತು. ಆ ಜನಮತಕ್ಕೆ ಬಂದವರು ಸುಮಾರು ಶೇ. 54. ಅದನ್ನು ತೆಗೆಯಬೇಕೇ ಎಂದು 2018ರ ಮೇ 25ರಂದು ಕೇಳಿದಾಗ ಶೇ. 64 ಜನ ಬಂದರು. ಅವರಲ್ಲಿ ಶೇ. 66 ‘ಹೌದು’ ಎಂದರು. ವಿದೇಶದಲ್ಲಿದ್ದ ಐರಿಷ್ ಯುವಕ ಯುವತಿಯರು ಮತ ಹಾಕಲೆಂದೇ ವಿಮಾನ ಹತ್ತಿ ಊರಿಗೆ ಬಂದರು. ‘ಹೌದು’ ಎನ್ನಿ ಎಂದು ಬೆಳಗಾವಿಯಲ್ಲಿದ್ದ ಸವಿತಾ ಅವರ ತಂದೆ ತಾಯಿ ಕೇಳಿಕೊಂಡಿದ್ದರು. ಡಬ್ಲಿನ್‌ನ ಒಂದು ಗೋಡೆಯ ಮೇಲೆ ಬಿಡಿಸಿದ್ದ ಸವಿತಾ ಅವರ ಚಿತ್ರದ ಸುತ್ತ ಜನ ಚೀಟಿ ಅಂಟಿಸುತ್ತ ಹೋದರು, ಎಷ್ಟೋ ಚೀಟಿಗಳಲ್ಲಿ ಕ್ಷಮೆ ಕೇಳಿದ್ದರು.

ಐರ್ಲೆಂಡಿಗೂ ಕ್ಯಾನ್ಸಸ್‌ಗೂ ಬಹಳ ವ್ಯತ್ಯಾಸ ಇದೆ. ಆದರೆ ಎರಡೂ ಕಡೆ ಆಗಿದ್ದು ಇಷ್ಟು: ಕಾನೂನಿನ ಪರಿಣಾಮ ಜನರ ಕಣ್ಣಿಗೆ ಕಂಡಿತ್ತು, ಪ್ರಶ್ನೆ ನೇರವಾಗಿ ಅವರ ಕೈಗೆ ಬಂತು.

## ಮುಂದಿನ ಪರೀಕ್ಷೆ ಮಿಸೌರಿ

ಮಿಸೌರಿಯ ಜನ 2024ರಲ್ಲಿ ಹಕ್ಕನ್ನು ಸಂವಿಧಾನಕ್ಕೆ ಸೇರಿಸಿದರು. ಅದನ್ನು ತೆಗೆಯುವ ಪ್ರಸ್ತಾವವನ್ನು 2025ರ ಮೇ ತಿಂಗಳಲ್ಲಿ ಶಾಸಕರು ಅಂಗೀಕರಿಸಿದರು. ಅದು 2026ರ ನವೆಂಬರ್ 3ರ ಮತಪತ್ರಕ್ಕೆ ನಿಗದಿಯಾಯಿತು. ಅದೇ ಪ್ರಶ್ನೆಯೊಳಗೆ ಅಪ್ರಾಪ್ತರ ಲಿಂಗ ಬದಲಾವಣೆ ಚಿಕಿತ್ಸೆಯ ನಿಷೇಧವನ್ನೂ ಸೇರಿಸಿದ್ದಾರೆ. ಎರಡಕ್ಕೂ ಸೇರಿ ಒಂದೇ ಗುರುತು. ಒಕ್ಕಣೆ ಹೇಗಿರಬೇಕು ಎಂದು ಕೋರ್ಟಿನಲ್ಲೂ ಜಗಳ ನಡೆಯಿತು.

2024 ಅಧ್ಯಕ್ಷೀಯ ಚುನಾವಣೆಯ ವರ್ಷ, 2026 ಮಧ್ಯಾವಧಿ. ಬರುವ ಜನ ಬೇರೆ. ಎರಡು ವರ್ಷದ ಹಿಂದೆ ‘ಹೌದು’ ಎಂದವರೆಲ್ಲ ಮತ್ತೆ ಬರುತ್ತಾರಾ, ಗೆದ್ದಾಯಿತಲ್ಲ ಎಂದು ಮನೆಯಲ್ಲಿ ಉಳಿಯುತ್ತಾರಾ ಅನ್ನುವುದರ ಮೇಲೆ ಫಲಿತಾಂಶ ನಿಂತಿದೆ. ಮಿಸೌರಿಯ ಸೇಂಟ್ ಲೂಯಿಸ್, ಕ್ಯಾನ್ಸಸ್ ಸಿಟಿ ಕಡೆ ನೆಲೆಸಿ ಅಲ್ಲಿನ ಪೌರತ್ವ ಪಡೆದ ಕನ್ನಡಿಗರಿಗೂ ಇದರಲ್ಲಿ ಮತ ಇದೆ. ಎಚ್-1ಬಿ ವೀಸಾ, ಗ್ರೀನ್ ಕಾರ್ಡ್ ಇರುವವರಿಗೆ ಇಲ್ಲ, ಆದರೆ ಆಸ್ಪತ್ರೆಯಲ್ಲಿ ಅನ್ವಯಿಸುವ ಕಾನೂನು ಎಲ್ಲರಿಗೂ ಒಂದೇ.

ಮತ ಇರುವವರು ಒಂದು ವಿಷಯ ಗಮನಿಸಿ. 2024ರ ಪ್ರಸ್ತಾವದ ಹೆಸರು ‘ಅಮೆಂಡ್‌ಮೆಂಟ್ 3’. 2026ರದ್ದಕ್ಕೂ ಅದೇ ಹೆಸರು, ಅದೇ ಸಂಖ್ಯೆ. ಅಂದು ‘ಹೌದು’ ಎಂದರೆ ಹಕ್ಕು ಸೇರಿಸಿದಂತೆ. ಈ ಬಾರಿ ‘ಹೌದು’ ಎಂದರೆ ತೆಗೆದಂತೆ.